ಟಾಕೀಸಿನ ಮೈಕಿನಲ್ಲಿ ಹುಟ್ಟಿದ ಡೈಲಾಗು

ಕಳೆದ ವಾರ ಇಂಟರ್‌ನೆಟ್ಟಿನಲ್ಲಿ ಒಂದು ಜಗಳ ನೋಡಿದೆ. ಭಾರೀ ಜಗಳ!

ನಮ್ಮ ಕಡೆಯ ಹುಡುಗರು ಹಳೇ ಸಿನಿಮಾಗಳ ಬಗ್ಗೆ ಹರಟಲು ಒಂದು ಕಮ್ಯುನಿಟಿ ಮಾಡಿಕೊಂಡಿದ್ದಾರೆ. (ಹುಡುಗರು ಅಂದೆನೇ? ಎಲ್ಲರೂ ಮೂವತ್ತು ದಾಟಿದವರು.) ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ, ಎಲ್ಲ ಕಡೆಯವರೂ ಇದ್ದಾರೆ. ಈ ಅಂಕಣ ಕಳಿಸಲು ಸೈಬರ್ ಕೆಫೆಗೆ ಹೋದಾಗ ನಾನೂ ಅಲ್ಲಿ ಇಣುಕುತ್ತೇನೆ.

ಜಗಳ ಒಂದು ಡೈಲಾಗಿನದು. "ಗಂಡಗ ಪ್ರಶ್ನೆ ಕೇಳಂಗಿಲ್ಲ, ಕುಂದ್ರು!"

ನಮ್ಮ ಕೊಟ್ಟೂರಿನವರದೆಲ್ಲ ಒಂದೇ ಮಾತು: ಹೀರೊ ಹೀಗೇ ಹೇಳಿದ್ದಾನೆ, ಕಿವಿಯಾರೆ ಕೇಳಿದ್ದೇವೆ. ಕೂಡ್ಲಿಗಿಯವನೊಬ್ಬ ಮಾತ್ರ ಜಪ್ಪಯ್ಯ ಅಂದರೂ ಒಪ್ಪುತ್ತಿಲ್ಲ. "ಲೇ, ಆ ಸಿನಿಮಾ ನಾಕು ಸಲ ನೋಡೀನಿ. ಆ ಹೀರೊ ಮೈಸೂರು ಕನ್ನಡ ಮಾತಾಡಾವ. ಅವನ ಬಾಯಾಗ ಕುಂದ್ರು ಅನ್ನೋದು ಎಲ್ಲಿಂದ ಬರ್ತೈತಿ?" ಅಂತ ಬರೆದಿದ್ದಾನೆ.

ಅವನು ಹೇಳುವುದು ನಿಜ. ಕೊಟ್ಟೂರಿನವರು ಕೇಳಿದ್ದೂ ನಿಜ. ಅದು ಹೇಗೆ ಅಂತೀರಾ? ಆ ಡೈಲಾಗು ಹೇಳಿದವನು ನಾನು.

ತೊಂಬತ್ತರ ದಶಕದ ಮೊದಲ ವರ್ಷಗಳು. ಕೊಟ್ಟೂರಿನ ತಗಡಿನ ಟಾಕೀಸಿನಲ್ಲಿ ನಾನು ಮೈಕ್ ಹಿಡಿಯುತ್ತಿದ್ದೆ. ಶೋ ಶುರುವಾಗುವ ಮುಂಚೆ ಹಾಡು ಹಾಕುವುದು, "ಬರ್ರಿ, ನೋಡ್ರಿ" ಅಂತ ಕೂಗುವುದು, ಅಷ್ಟೇ ಕೆಲಸ. ಆಗ ಕೂಡ್ಲಿಗಿಗೂ ನಮಗೂ ಸೇರಿ ಒಂದೇ ಪ್ರಿಂಟು ಬರುತ್ತಿತ್ತು. ಅಲ್ಲಿ ಒಂದು ಗಂಟೆ ಮೊದಲು ಶೋ. ಓಡಿ ಮುಗಿದ ರೀಲನ್ನು ಒಬ್ಬ ಮೊಪೆಡ್ಡಿನಲ್ಲಿ ನಮಗೆ ತಂದು ಮುಟ್ಟಿಸಬೇಕು.

ಒಂದು ಮ್ಯಾಟಿನಿಗೆ ರೀಲು ಬರಲಿಲ್ಲ. ದಾರಿಯಲ್ಲಿ ಮೊಪೆಡ್ ಪಂಕ್ಚರ್! ಪರದೆಯ ಮೇಲೆ ಹೆಂಡತಿ ಬಾಗಿಲಲ್ಲಿ ನಿಂತು, "ಇಷ್ಟು ದಿನ ಎಲ್ಲಿದ್ರಿ?" ಅಂತ ಗಂಡನನ್ನು ಕೇಳಿದಳು. ಅಲ್ಲಿಗೆ ಬಿಳಿ ಪರದೆ. ಜನ ಎದ್ದು ನಿಂತು ಗದ್ದಲ ಹಾಕಿದರು. ಮಾಲೀಕರು ಓಡಿ ಬಂದು, "ಲೇ, ಮಂದಿ ಕುರ್ಚಿ ಮುರೀತಾರ. ಮೈಕಿನಾಗ ಮುಂದಿನ ಕತಿ ಹೇಳೋ!" ಅಂದರು.

ಮುಂದಿನ ಕಥೆ ನನಗೇನು ಗೊತ್ತು? ಬಾಯಿಗೆ ಬಂದದ್ದು ಹೇಳಿದೆ. ಹೀರೊನ ದನಿ ಮಾಡಿ, "ಗಂಡಗ ಪ್ರಶ್ನೆ ಕೇಳಂಗಿಲ್ಲ, ಕುಂದ್ರು!" ಅಂದೆ.

ಅಬ್ಬಾ, ಆ ಸೀಟಿ! ತಗಡು ಹಾರಿಹೋಗುವುದೊಂದು ಬಾಕಿ.

ಮರುದಿನ ರೀಲು ಸರಿಯಾಗಿ ಬಂತು. ಅದರಲ್ಲಿ ಹೀರೊ ಹೆಂಡತಿಯ ಎದುರು ಕೂತು ಎಲ್ಲವನ್ನೂ ಹೇಳುತ್ತಾನೆ. ತಪ್ಪಾಯಿತು ಅಂತ ಕೈ ಮುಗಿಯುತ್ತಾನೆ. ಆದರೆ ಜನಕ್ಕೆ ಅದು ಬೇಡ, ನಿನ್ನೆಯ ಡೈಲಾಗು ಬೇಕು! ಮಾಲೀಕರು ಆಪರೇಟರನಿಗೆ ಸೌಂಡ್ ಇಳಿಸಲು ಹೇಳಿದರು. ಒಂದು ವಾರ ಪರದೆಯ ಮೇಲೆ ಅವನು ಕೈ ಮುಗಿದ, ಸ್ಪೀಕರಿನಲ್ಲಿ ನಾನು ಗುಡುಗಿದೆ.

ಆಮೇಲೆ ಆ ಮಾತು ಹೀರೊನದೆಂದೇ ಊರ ಬಾಯಿಗೆ ಬಿತ್ತು. ಹೋಟೆಲಿನಲ್ಲಿ, ಬಸ್ಸಿನಲ್ಲಿ, ಮನೆಮನೆಗಳಲ್ಲಿ. ಗುಟ್ಟು ಬಿಡಬೇಡ ಅಂತ ಮಾಲೀಕರ ತಾಕೀತು; ನಾನಂತೂ ಒಳಗೊಳಗೇ ಉಬ್ಬಿಹೋದೆ.

ಈಗ ಇಷ್ಟು ವರ್ಷದ ಮೇಲೆ ಕೀರ್ತಿ ಬಿಡುವುದುಂಟೇ? "ಆ ಮಾತು ನಂದು" ಅಂತ ಟೈಪ್ ಮಾಡಿದೆ. ಕ್ಷಣದಲ್ಲಿ "ಸೂಪರ್ ಅಣ್ಣಾ", "ನೀವು ಗ್ರೇಟ್ ರೀ" ಅಂತ ಸಾಲುಸಾಲು ಬಂದವು. ಖುಷಿ ತಡೆಯದೆ ತಂಗಿ ಗಿರಿಜಾಳಿಗೂ ಫೋನ್ ಮಾಡಿದೆ. ಹಂಪಸಾಗರಕ್ಕೆ ಕೊಟ್ಟ ತಂಗಿ. ನಗುತ್ತಾ ಪೂರ್ತಿ ಕಥೆ ಹೇಳಿದೆ.

ಅವಳು ನಗಲಿಲ್ಲ.

"ಹಂಗಾದ್ರ ಅದು ಸಿನಿಮಾದಾಗ ಇರಲಿಲ್ಲೇನಣ್ಣ?"

"ಇಲ್ಲವ್ವ. ನಾನಽ ಹೇಳಿದ್ದು."

"ಇಷ್ಟು ವರ್ಷ ನಾನು ಸಿನಿಮಾದವರ್ನ ಬೈಕೊಂಡೆನಲ್ಲೋ!"

ಆಗ ನನಗೆ ಒಂದು ಭಾನುವಾರ ನೆನಪಾಯಿತು. ಗಿರಿಜಾಳ ಮದುವೆಯಾಗಿ ವರ್ಷವಾಗಿತ್ತು. ಪಿಯುಸಿಯಲ್ಲಿ ಫಸ್ಟ್ ಕ್ಲಾಸ್ ಬಂದವಳು, ಟಿಸಿಎಚ್ ಓದಿ ಟೀಚರ್ ಆಗಬೇಕು ಅಂತ ಜೀವ ಬಿಡುತ್ತಿದ್ದಳು. ಅರ್ಜಿ ತುಂಬಿ ಗಂಡ ವಿರೂಪಾಕ್ಷಿಯ ಕೈಗೆ ಕೊಟ್ಟಿದ್ದಳು. ಆ ಭಾನುವಾರ ಇಬ್ಬರೂ ನಮ್ಮ ಮನೆಗೆ ಬಂದಿದ್ದರು. ಊಟಕ್ಕೆ ಕೂತಾಗ ಅವಳು ರೊಟ್ಟಿ ಬಡಿಸುತ್ತಾ, "ಅರ್ಜಿ ಕೊಟ್ರೇನ್ರಿ? ಕಡೀ ದಿನ ನಿನ್ನೆ ಇತ್ತು" ಅಂದಳು. ಅವನು ತಟ್ಟೆಯಿಂದ ತಲೆ ಎತ್ತದೆ ಆ ಡೈಲಾಗು ಹೊಡೆದ. ಮನೆಯವರೆಲ್ಲ ಬಿದ್ದು ಬಿದ್ದು ನಕ್ಕರು. ಎಲ್ಲರಿಗಿಂತ ಜೋರಾಗಿ ನಾನು. ಗಿರಿಜಾ ಅಡುಗೆಮನೆಗೆ ಹೋದವಳು ಹೊರಗೆ ಬರಲೇ ಇಲ್ಲ.

ಅದು ತಮಾಷೆ ಅಂತಲೇ ನಾವೆಲ್ಲ ಮರೆತೆವು. ಅವಳು ಟೀಚರ್ ಆಗಲಿಲ್ಲ.

ಫೋನಿನಲ್ಲಿ ಅವಳ ದನಿ ಸಣ್ಣದಾಗಿತ್ತು. "ಖರೇ ರೀಲಿನಾಗ ಹೆಂಡ್ತಿ ಕೇಳಿದ್ದಕ್ಕ ಅವ ಉತ್ತರ ಕೊಟ್ಟನಲ್ಲ ಅಣ್ಣ. ನನ್ನ ಅರ್ಜಿ ಯಾಕ ಕೊಡ್ಲಿಲ್ಲ ಅಂತ ನನಗ ಈವತ್ತಿಗೂ ಯಾರೂ ಹೇಳಿಲ್ಲ ನೋಡು. ನಿನಗೇನರ ಗೊತ್ತಿತ್ತಾ?"

"ಇಲ್ಲವ್ವ" ಅಂದೆ. ಫೋನ್ ಇಟ್ಟೆ.

ಅರ್ಜಿಯ ಕೊನೆಯ ದಿನಕ್ಕೆ ವಾರ ಇರುವಾಗಲೇ ಬಸ್‌ಸ್ಟ್ಯಾಂಡಿನಲ್ಲಿ ವಿರೂಪಾಕ್ಷಿ ನನಗೆ ಹೇಳಿದ್ದ: "ಆಕಿ ನೌಕರಿಗೆ ಹೋದ್ರ ಮನಿ ನೋಡೋರ್ಯಾರ್ರಿ? ನಾನು ಅರ್ಜಿ ಕೊಡಂಗಿಲ್ಲ. ನೀವು ಬಾಯಿ ಬಿಡಬ್ಯಾಡ್ರಿ." ನಾನು ಬಾಯಿ ಬಿಡಲಿಲ್ಲ.

ಇದನ್ನು ಯಾವ ಕಮ್ಯುನಿಟಿಯಲ್ಲಿ ಟೈಪ್ ಮಾಡಲಿ, ಹೇಳಿ?