ಆಕಳಿಕೆ ಓಡಿಸುವ ಕಸುಬು

ಬೆಳಕು ಹರಿಯುವ ಮುಂಚೆಯೇ ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದಿದೆ. ಬೆಂಕಿ ಬಿದ್ದಾಗ ಏನು ಮಾಡಬೇಕೆಂಬ ಸ್ಲೈಡುಗಳನ್ನು ಸೊಸೆ ಒಂದೊಂದಾಗಿ ಸರಿಸುತ್ತಾರೆ. ಅತ್ತೆ ಎದುರು ಕೂತು ನೋಡುತ್ತಾರೆ. ಅತ್ತೆ ಆಕಳಿಸಿದ ಕಡೆ ಸೊಸೆ ಕತ್ತರಿ ಆಡಿಸುವುದು ಈ ಮನೆಯ ಪದ್ಧತಿ. ಇವತ್ತು ಎರಡನೇ ಸ್ಲೈಡಿಗೇ ಆಕಳಿಕೆ! ಇವರ ಕೆಲಸ ನೋಡಲೆಂದು ಬಂದು ಕೂತಿರುವ ನನಗೋ ನಗು, ಸೊಸೆಗೆ ಪ್ರಾಣಸಂಕಟ.

"ಓದಿ ಓದಿ ಸಾಕಾಯ್ತು ಕಣೆ. ನಿಜವಾಗ್ಲೂ ಹೊಗೆ ತುಂಬಿದ್ರೆ ಎತ್ತ ಓಡ್ಬೇಕು? ನಮ್ಮನೇದೇ ನಂಗೊತ್ತಿಲ್ಲ," ಎನ್ನುತ್ತಾರೆ ಅತ್ತೆ.

ಇನ್ನು ಸ್ವಲ್ಪ ಹೊತ್ತಿಗೆ ಅಗ್ನಿಶಾಮಕ ಅಧಿಕಾರಿಯೊಬ್ಬರು ಇದೇ ಸ್ಲೈಡುಗಳನ್ನಿಟ್ಟುಕೊಂಡು ಬಹುಮಹಡಿ ಕಟ್ಟಡವೊಂದರ ನಿವಾಸಿಗಳಿಗೆ ಆನ್‌ಲೈನಿನಲ್ಲಿ ತಿಳಿವಳಿಕೆ ಹೇಳಬೇಕು. ಹಿಂದಿನ ಸಲ ಅರ್ಧಕ್ಕರ್ಧ ಜನ ನಡುವೆಯೇ ಜಾರಿಕೊಂಡಿದ್ದರು. ಆಮೇಲೆ ಅಲ್ಲಿ ಸಣ್ಣ ಬೆಂಕಿ ಹೊತ್ತಿಕೊಂಡಾಗ ಎಲ್ಲರೂ ನುಗ್ಗಿದ್ದು ಲಿಫ್ಟಿಗೆ. ಪುಣ್ಯಕ್ಕೆ ಜೀವ ಉಳಿಯಿತು. "ಇವತ್ತೂ ಕಿವಿಗೆ ಹಾಕ್ಕೊಳ್ದಿದ್ರೆ ಏನು ಗತಿ ಹೇಳಿ?" ಎಂದು ಸೊಸೆ ನನ್ನನ್ನೇ ಕೇಳುತ್ತಾರೆ.

ಇವರು ಮೊದಲು ಶಾಲೆಯಲ್ಲಿ ಟೀಚರ್. ಪಾಠ ಆನ್‌ಲೈನಿಗೆ ಬಂದಾಗ ಮಕ್ಕಳು ಕ್ಯಾಮೆರಾ ಆಫ್ ಮಾಡಿ ಮಲಗುವುದನ್ನು ಕಂಡು ಈ ವಿದ್ಯೆ ಕಲಿತರು. ಈಗ ವಾರಕ್ಕೆ ನಾಲ್ಕೈದು ಜನರ ಒಣ ಭಾಷಣಕ್ಕೆ ಚಿತ್ರ, ಪ್ರಶ್ನೆ, ತಮಾಷೆ ಸೇರಿಸಿ ಜೀವ ತುಂಬುತ್ತಾರೆ. ಚಪ್ಪಾಳೆ ಮಾತ್ರ ಮಾತಾಡಿದವರಿಗೆ.

ಅಧಿಕಾರಿ ಶುರು ಮಾಡುತ್ತಾರೆ. ಒಂದು ಕ್ಯಾಮೆರಾ ಆಫ್. ಇನ್ನೊಂದು. ಸ್ಲೈಡು ಸರಿಸುತ್ತಿರುವುದು ಈ ಅಡುಗೆಮನೆಯಿಂದ ಸೊಸೆಯೇ. ಅತ್ತೆಯ ಮಾತು ಕೇಳಿ ಆಗಷ್ಟೇ ಸೇರಿಸಿದ ಸ್ಲೈಡನ್ನು ತೆರೆದೇಬಿಡುತ್ತಾರೆ. ಅದರಲ್ಲಿ ಒಂದೇ ಸಾಲು: 'ಈಗಲೇ ಎದ್ದು ಮೆಟ್ಟಿಲವರೆಗೆ ನಡೆದುಹೋಗಿ ಬನ್ನಿ.'

ಪರದೆಯ ತುಂಬ ಖಾಲಿ ಕುರ್ಚಿಗಳು.

"ಏನ್ರೀ ಇದು, ಇದ್ದವರನ್ನೂ ಎಬ್ಬಿಸಿ ಕಳಿಸಿಬಿಟ್ರಲ್ಲ!" ಅಧಿಕಾರಿ ಸಿಡುಕುತ್ತಾರೆ.

"ಬರ್ತಾರೆ ಸರ್..." ಸೊಸೆಯ ದನಿಯಲ್ಲಿ ಧೈರ್ಯವಿಲ್ಲ. ಒಬ್ಬರೂ ಬರುತ್ತಿಲ್ಲ.

ಕೊನೆಗೆ ಏದುಸಿರು ಬಿಡುತ್ತ ಅಜ್ಜರೊಬ್ಬರು ಕಾಣಿಸಿಕೊಳ್ಳುತ್ತಾರೆ. "ಸಾರ್, ಮೆಟ್ಟಿಲ ಬಾಗಿಲಿಗೆ ಬೀಗ ಹಾಕಿದೆ!" ಹಿಂದೆಯೇ ಒಬ್ಬಾಕೆ: "ನಮ್ಮ ಮಹಡೀಲೂ ಬೀಗ! ಕೀಲಿ ಯಾರ ಹತ್ರ ಇದೆ ಅಂತ್ಲೇ ಯಾರಿಗೂ ಗೊತ್ತಿಲ್ಲ!"

ಅಧಿಕಾರಿ ಭಾಷಣ ಬಿಟ್ಟು, ಬೀಗ ಒಡೆಸಲು ಫೋನ್ ಎತ್ತಿಕೊಳ್ಳುತ್ತಾರೆ. ಸ್ವಲ್ಪ ಹೊತ್ತಿಗೆ ಬೀಗ ಒಡೆಯುವ ಸದ್ದು ಯಾರದೋ ಮೈಕಿನಿಂದ ಈ ಅಡುಗೆಮನೆಗೂ ಕೇಳಿಸುತ್ತದೆ. ಈಗ ಎಲ್ಲ ಕ್ಯಾಮೆರಾಗಳೂ ಆನ್.

ಸೊಸೆ ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತಾರೆ. "ಜನ ಎದ್ದು ಹೋಗ್ಬಾರ್ದು ಅಂತ್ಲೇ ಇಷ್ಟು ವರ್ಷ ಒದ್ದಾಡ್ದೆ. ಇವತ್ತು ನಾನೇ ಎಬ್ಬಿಸಿ ಕಳಿಸ್ದೆ. ಸದ್ಯ, ಹೋದ್ರು."