ಮೂರು ಎಣಿಸುವಷ್ಟರೊಳಗೆ

ಬಳ್ಳಾರಿಯಲ್ಲಿ ಟ್ರೈನಿಂಗ್ ಮುಗಿಸಿ ಆದೋನಿಯ ಹೆಣ್ಣುಮಕ್ಕಳ ಶಾಲೆಗೆ ಟೀಚರಾಗಿ ಬಂದಾಗ ನನಗೆ ಇಪ್ಪತ್ತೊಂದು ವರ್ಷ. ಎರಡನೇ ಮಹಾಯುದ್ಧದ ಕಾಲ. ಕೂತಲ್ಲಿ ಕೂರುವ ಜಾಯಮಾನ ನನ್ನದಲ್ಲ. "ಅಂಡು ಸುಟ್ಟ ಬೆಕ್ಕಿನಂಗ ತಿರಗತಾಳ" ಎಂದು ನಮ್ಮವ್ವ ಬೈಯುತ್ತಿದ್ದಳು. ತರಗತಿಯಲ್ಲೂ ಅಷ್ಟೇ. ಪ್ರಶ್ನೆ ಕೇಳಿ ಮನಸ್ಸಿನಲ್ಲೇ ಮೂರು ಎಣಿಸುತ್ತಿದ್ದೆ. ಅಷ್ಟರೊಳಗೆ ಉತ್ತರ ಬಂದರೆ ಭೇಷ್ ಎನ್ನುವುದು, ಬರದಿದ್ದರೆ ಪಕ್ಕದವಳನ್ನು ಕೇಳುವುದು.

ಈ ಅವಸರಕ್ಕೆ ಶಾಸ್ತ್ರದ ಬೆಂಬಲವೂ ಇದೆ ಎಂದುಕೊಂಡಿದ್ದೆ. ಕಲಿಯುವವರ ಮನಸ್ಸು ಸಿದ್ಧವಾಗಿರಬೇಕು, ಮತ್ತೆ ಮತ್ತೆ ಮಾಡಿಸಬೇಕು, ಸರಿಯಾಗಿ ಮಾಡಿದರೆ ಒಡನೆಯೇ ಮೆಚ್ಚುಗೆ ಸಿಗಬೇಕು, ಆಗ ಪಾಠ ಮನಸ್ಸಿನಲ್ಲಿ ನಿಲ್ಲುತ್ತದೆ ಎಂದು ಟ್ರೈನಿಂಗಿನಲ್ಲಿ ಕಲಿಸಿದ್ದರು. ಎಲ್ಲವನ್ನೂ ಬಾಯಿಪಾಠ ಮಾಡಿದ್ದೆ. ಆದರೆ ನನಗೆ ಹಿಡಿಸಿದ್ದು 'ಒಡನೆಯೇ' ಎಂಬ ಒಂದೇ ಮಾತು.

ಆ ವರ್ಷ ಹೆಡ್‌ಮಿಸ್ಟ್ರೆಸ್ ನನ್ನನ್ನು ಕರೆದು, ಎಂಟನೇ ತರಗತಿಯ ಹುಡುಗಿಯರಲ್ಲಿ ಯಾರು ಟೀಚರ್ ಟ್ರೈನಿಂಗಿಗೆ ಹೋಗಬಲ್ಲರು, ಯಾರು ನರ್ಸ್ ಕೆಲಸಕ್ಕೆ, ಯಾರು ಹೊಲಿಗೆಗೆ ಎಂದು ನೋಡಿ ಮನೆಯವರಿಗೆ ತಿಳಿಹೇಳಿರಿ ಎಂದರು. ನಾನು ಬೀಗಿದೆ. ಎರಡೇ ದಿನದಲ್ಲಿ ಎಲ್ಲರನ್ನೂ ಕಾಳು, ಜೊಳ್ಳು ಎಂದು ಬೇರೆ ಮಾಡಿಟ್ಟೆ.

ಜೊಳ್ಳಿನ ಕಡೆ ಬಿದ್ದವಳು ಒಬ್ಬ ಹುಡುಗಿ. ಮನೆಯವರು ಚಿಪ್ಪಗಿರಿ ಕಡೆಯಿಂದ ಬಂದವರು. ತಾಯಿ ಹತ್ತಿಯ ಬೀಜ ತೆಗೆಯುವ ಜಿನ್ನಿನಲ್ಲಿ ಕಸ ಆರಿಸುವ ಕೆಲಸಕ್ಕೆ ಹೋಗುತ್ತಿದ್ದಳು. ಏನು ಕೇಳಿದರೂ ಈ ಹುಡುಗಿ ಎದ್ದು ನಿಂತು ಸದ್ದಿಲ್ಲದೆ ತುಟಿ ಅಲ್ಲಾಡಿಸುತ್ತಿದ್ದಳು. ಅವಳ ಬಾಯಿಂದ ಮಾತು ಹೊರಡುವ ಹೊತ್ತಿಗೆ ನಾನು ಮುಂದಿನ ಬೆಂಚಿಗೆ ಹೋಗಿರುತ್ತಿದ್ದೆ.

ಶುಕ್ರವಾರ, ನಾನು ಹೇಳಿಕಳಿಸಿದ್ದಕ್ಕೆ, ಅವಳ ತಾಯಿ ಶಾಲೆಗೆ ಬಂದಳು. "ಟೀಚರಾಗಬೇಕಂತ ಭಾಳ ಆಸಿ ಐತ್ರಿ ಇಕಿಗೆ. ಊಟದಾಗೂ ಅದ ಮಾತು" ಎಂದಳು.

"ಇಕಿ ತಲಿಗೆ ಓದು ಹತ್ತಂಗಿಲ್ಲವ್ವ. ಕೈ ಕೆಲಸಕ್ಕ ಹಚ್ಚು" ಎಂದೆ. ಮಗಳು ಪಕ್ಕದಲ್ಲೇ ನಿಂತಿದ್ದಳು.

"ಓದಿದೋರು ನೀವು ಹೇಳಿದ ಮ್ಯಾಲ ಮುಗೀತ್ರಿ" ಎಂದು ತಾಯಿ ಕೈಮುಗಿದು ಹೊರಟಳು. ಒಂದು ಮಾತಾದರೂ ಎದುರಾಡಬಾರದಿತ್ತೇ ಎಂದು ನನಗೆ ಅನ್ನಿಸಿತು. ಅಷ್ಟಕ್ಕೇ ಬಿಟ್ಟೆ.

ಮರುದಿನ ಊಟದ ಬಿಡುವಿನಲ್ಲಿ, ಕೂರಲಾರದೆ, ಜಗಲಿಯಲ್ಲಿ ಅಡ್ಡಾಡುತ್ತಿದ್ದೆ. ಒಂದನೇ ತರಗತಿಯ ಕೋಣೆಯಲ್ಲಿ ಅದೇ ಹುಡುಗಿ ಒಂದು ಪುಟ್ಟ ಮಗುವಿನ ಮುಂದೆ ಹುಣಸೆಬೀಜ ಹರಡಿಕೊಂಡು ಕೂತಿದ್ದಳು. "ಪದಿಲೋ ಮೂಡು ಪೋತೇ ಎಂತ?" ಎಂದು ತೆಲುಗಿನಲ್ಲಿ ಕೇಳಿ ಸುಮ್ಮನಾದಳು. ಮಗು ಕಣ್ಣು ಕಣ್ಣು ಬಿಟ್ಟಿತು. ಇವಳು ಕಾದಳು. ಆಮೇಲೆ ಮೆಲ್ಲಗೆ, "ಹತ್ತರಾಗ ಮೂರು ಹೋದ್ರ?" ಎಂದಳು.

"ಏಳು."

"ತೆಲುಗಿನ್ಯಾಗ ಹೇಳು."

ಮಗು ಸದ್ದಿಲ್ಲದೆ ತುಟಿ ಅಲ್ಲಾಡಿಸಿತು. ಇವಳು ಮತ್ತೂ ಕಾದಳು. "ಏಡು" ಎಂದಿತು ಮಗು.

ನಾನು ಬಾಗಿಲಲ್ಲೇ ನಿಂತುಬಿಟ್ಟೆ. ನಮ್ಮ ಶಾಲೆಯಲ್ಲಿ ಪಾಠವೆಲ್ಲ ತೆಲುಗಿನಲ್ಲಿ. ಮನೆಯಲ್ಲಿ ಬರೀ ಕನ್ನಡವಾಡುವ ಹುಡುಗಿ ನನ್ನ ಪ್ರಶ್ನೆಯನ್ನು ಮನೆಯ ಮಾತಿಗೆ ತಂದು, ಯೋಚಿಸಿ, ಉತ್ತರವನ್ನು ತಿರುಗಿ ತೆಲುಗು ಮಾಡಿ ಕೊಡಬೇಕಿತ್ತು. ಮೂರು ಎಣಿಸುವಷ್ಟರೊಳಗೆ ಅದು ಯಾರಿಂದ ಸಾಧ್ಯ? ಚಿಕ್ಕವಳಿದ್ದಾಗ ಆಲೂರಿನ ತೆಲುಗು ಶಾಲೆಯಲ್ಲಿ ನಾನೂ ಹೀಗೇ ತುಟಿ ಅಲ್ಲಾಡಿಸುತ್ತಾ ನಿಂತವಳು. ಎರಡೂ ಭಾಷೆ ನಾಲಿಗೆಗೆ ಬಂದ ಮೇಲೆ ಅದನ್ನೇ ಮರೆತಿದ್ದೆ. ಟೀಚರ್ ಕೆಲಸ ನನಗಿಂತ ಅವಳಿಗೇ ಚೆನ್ನಾಗಿ ಬರುತ್ತಿತ್ತು.

ಭಾನುವಾರವೆಲ್ಲ ಹೊಸ್ತಿಲು ದಾಟುವುದು, ಒಳಗೆ ಬರುವುದು, ಇದೇ ಆಯಿತು. ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಗಾದೆಯನ್ನು ತೆಲುಗಿನಲ್ಲಿ ನಾನೇ ಮಕ್ಕಳಿಗೆ ಎಷ್ಟು ಸಲ ಬರೆಸಿದ್ದೆನೋ. ಸೋಮವಾರ ಹುಡುಗಿ ಶಾಲೆಗೆ ಬರಲಿಲ್ಲ. ಟ್ರೈನಿಂಗಿನ ಅರ್ಜಿ ಕಳಿಸಲು ಇನ್ನೂ ಎರಡು ದಿನವಿತ್ತು. ಹೆಡ್‌ಮಿಸ್ಟ್ರೆಸ್ಸರಿಗೆ ತಪ್ಪೊಪ್ಪಿಕೊಂಡು, ಅರ್ಜಿ ಇಸಿದುಕೊಂಡು, ಸಂಜೆ ಹುಡುಗಿಯ ಮನೆಗೆ ಹೋದೆ.

ತಾಯಿ ಮಗಳು ಆಗಷ್ಟೇ ಬಂದಿದ್ದರು. ಹುಡುಗಿಯ ಕೂದಲ ತುಂಬ ಹತ್ತಿಯ ಎಳೆ.

"ಇವತ್ತಿಂದ ನನ್ನ ಕೂಡ ಜಿನ್ನಿಗೆ ಬರಾಕತ್ಯಾಳ್ರಿ. ನೀವು ಹೇಳಿದಂಗ ಕೈ ಕೆಲಸಕ್ಕ ಹಚ್ಚೀನಿ" ಎಂದಳು ತಾಯಿ.

"ತಪ್ಪು ನಂದವ್ವ. ನಿನ್ನ ಮಗಳು ಛಲೋ ಟೀಚರಾಗ್ತಾಳ. ನಾನ ತಿಳೀದ ಅಂದುಬಿಟ್ಟೆ" ಎಂದೆ. ಆಮೇಲೆ ಹುಡುಗಿಯ ಕಡೆ ತಿರುಗಿ, ಮೊದಲ ಬಾರಿಗೆ ಅವಳ ಮನೆಯ ಮಾತಿನಲ್ಲಿ, "ಟ್ರೈನಿಂಗಿಗೆ ಹೋಗ್ತೀಯೇನವ್ವ?" ಎಂದು ಕೇಳಿದೆ. ಎಷ್ಟು ಹೊತ್ತಾದರೂ ಕಾಯಬೇಕೆಂದು ನಿಶ್ಚಯಿಸಿಕೊಂಡು ಬಂದಿದ್ದೆ.

ಕಾಯಬೇಕಾಗಲಿಲ್ಲ. ಈ ಸಲ ಅವಳ ತುಟಿ ಸದ್ದಿಲ್ಲದೆ ಅಲ್ಲಾಡಲೂ ಇಲ್ಲ.

"ನನ್ನ ತಲಿಗೆ ಓದು ಹತ್ತಂಗಿಲ್ರಿ, ಟೀಚರಮ್ಮ" ಎಂದಳು.

ಇಡೀ ವರ್ಷದಲ್ಲಿ, ಮೂರು ಎಣಿಸುವಷ್ಟರೊಳಗೆ ಅವಳಿಂದ ನನಗೆ ಸಿಕ್ಕ ಉತ್ತರ ಅದೊಂದೇ.