ಹಸಿರು ಗೆರೆಯ ಕಿಸೆ

ಅವರ ಎಡಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿತ್ತು. ಎಂದೋ ಮಷೀನಿನ ಸೂಜಿ ಹಾಯ್ದ ಗುರುತು. ಹೊಲಿಯುವಾಗ ಆ ಸೀಳಿಗೆ ದಾರ ಸಿಕ್ಕಿಕೊಳ್ಳುತ್ತಿತ್ತು. ಹಲ್ಲಿನಿಂದ ಕಡಿದು, ಉಫ್ ಎಂದು ಊದಿ ಮತ್ತೆ ಮಷೀನು ತುಳಿಯುತ್ತಿದ್ದರು. ಕುರುಗೋಡಿನ ಅಗಸಿ ಬಾಗಿಲ ಪಕ್ಕದ ಕಟ್ಟೆಯ ಮೇಲೆ ಕೂರುತ್ತಿದ್ದ ಅವರು ನಮಗೆಲ್ಲ ದರ್ಜಿ ಕಾಕಾ.

ಯುದ್ಧದ ಕಾಲ, ಬಟ್ಟೆಗೆ ಕಂಟ್ರೋಲು. ಬಳ್ಳಾರಿಯಲ್ಲಿ ಸಾಲು ನಿಂತು ತಂದ ಒಂದೇ ಥಾನಿನಲ್ಲಿ ನಮ್ಮ ಮನೆಯ ಐದೂ ಹುಡುಗಿಯರಿಗೆ ಲಂಗ ಆಗಬೇಕಿತ್ತು. ಬಿಳಿಯ ಮೇಲೆ ಹಸಿರು ಗೆರೆ. ಅಜ್ಜಿ ಐವರಿಗೂ ಒಂದೇ ಅಳತೆ ಹೇಳಿಬಿಡುತ್ತಿದ್ದಳು. ಗಿಡ್ಡ ಇದ್ದವರು ಸೊಂಟದಲ್ಲಿ ಮಡಚಿಕೊಳ್ಳಬೇಕು. ಊರಿನವರು ನಮ್ಮನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ, 'ಮೇಲ್ಮನಿ ಹುಡುಗ್ಯಾರು' ಅಷ್ಟೆ. ನನಗಾಗ ಹನ್ನೆರಡು. ನನ್ನದು ಎನ್ನುವುದು ಒಂದಾದರೂ ಇರಬೇಕೆಂಬ ಹಟ ಹೊಟ್ಟೆಯೊಳಗೆ ಕೂತಿತ್ತು.

"ಕಾಕಾ, ನನ್ನ ಲಂಗಕ್ಕ ಒಂದು ಕಿಸೆ ಹಚ್ಚತೀರೇನ್ರಿ?"

"ಏನಿಡ್ತಿ ತಾಯಿ ಅದ್ರಾಗ?"

"ಏನಿಲ್ರಿ. ಕೈ ಇಟ್ಕೋತೀನಿ."

ಅವರು ನಗಲಿಲ್ಲ. ನೆರಿಗೆಯ ಮರೆಯಲ್ಲಿ, ಯಾರಿಗೂ ಕಾಣದಂತೆ ಹೊಲಿದುಕೊಟ್ಟರು. ಹದಿನೈದು ದಿನ ಅದರೊಳಗೆ ಕೈಯಿಟ್ಟುಕೊಂಡು ಓಡಾಡಿದೆ. ಅಷ್ಟು ಸುಖ ಆಮೇಲೆ ಯಾವ ರೇಷ್ಮೆ ಸೀರೆಯೂ ಕೊಟ್ಟಿಲ್ಲ.

ಒಂದು ಬೆಳಿಗ್ಗೆ ಒಣಗಿದ ಬಟ್ಟೆಯ ರಾಶಿಯಿಂದ ಅವಸರದಲ್ಲಿ ಬೇರೆಯವರ ಲಂಗ ಎಳೆದು ಉಟ್ಟೆ. ನನ್ನದು ದೊಡ್ಡಪ್ಪನ ಮಗಳ ಕೈ ಸೇರಿತು. ಅವಳು ಕಿಸೆ ಕಂಡವಳೇ ಅಜ್ಜಿಗೆ ತೋರಿಸಿದಳು. ಐವರನ್ನೂ ಸಾಲಾಗಿ ನಿಲ್ಲಿಸಿ ಕೇಳಿದರೂ ಯಾರೂ ಬಾಯಿ ಬಿಡಲಿಲ್ಲ. ಎಲ್ಲ ಲಂಗವೂ ಒಂದೇ ಥರ. ಇದು ಯಾರದೆಂದು ಹೇಳುವುದು ಹೇಗೆ? ಅಜ್ಜಿ ಕಾಕಾರನ್ನೇ ಕರೆಸಿದಳು.

"ಹೆಣ್ಣುಡುಗ್ರಿಗೆ ಕಿಸೆ ಹಚ್ಚತೀಯೇನು? ಏನು ಮುಚ್ಚಿಡಾಕ? ಯಾರು ಹೇಳಿದ್ರು ಹೇಳು!"

ಕಾಕಾ ಐವರನ್ನೂ ನೋಡಿದರು. ನನ್ನನ್ನೂ ಎಲ್ಲರನ್ನು ನೋಡಿದಂತೆಯೇ ನೋಡಿದರು.

"ಯಾರೂ ಹೇಳಿಲ್ರಿ ಅವ್ವಾರ. ತುಂಡು ಉಳಿದಿತ್ತು, ನಾನ ಹಚ್ಚೀನಿ. ನಂದ ತಪ್ಪು."

ಅಜ್ಜಿ ಕಿಸೆಯನ್ನು ಹರಿದು ಅವರ ಕಾಲ ಬಳಿ ಎಸೆದಳು. ಅವರು ಬಗ್ಗಿ ಎತ್ತಿಕೊಂಡು ಹೋದರು. ಅಂದಿನಿಂದ ನಮ್ಮ ಮನೆಯ ಹೊಲಿಗೆ ಬೇರೆಯವರಿಗೆ ಹೋಯಿತು. ಅಜ್ಜಿಯ ಮಾತು ಕೇಳಿ ಇನ್ನೂ ನಾಲ್ಕು ಮನೆಯವರು ಅವರನ್ನು ಬಿಟ್ಟರು. ನಾನು ಹೇಡಿ, ಸುಮ್ಮನಿದ್ದೆ.

ಕೆಲವು ದಿನಗಳ ಮೇಲೆ ನೋಡುತ್ತೇನೆ, ಅವರ ಹಳೆಯ ಬಿಳಿ ಅಂಗಿಯ ಎದೆಗೆ ಆ ಹಸಿರು ಗೆರೆಯ ಕಿಸೆ! ಅಲ್ಲಿ ಹರಿದಿತ್ತೋ ಏನೋ. ನಾವು ಐವರು ಬರುವುದು ಕಂಡರೆ ಅದರ ಮೇಲೆ ಅಂಗೈ ಇಟ್ಟು ಮುಚ್ಚಿಕೊಳ್ಳುತ್ತಿದ್ದರು. ನನಗೆ ನೋವಾಗಬಾರದೆಂದು. ಮದುವೆಯಾಗಿ ಸಿರುಗುಪ್ಪಕ್ಕೆ ಹೋಗುವ ತನಕ ಆ ಕಟ್ಟೆ ದಾಟುವಾಗ ನಾನು ತಲೆ ಎತ್ತಲಿಲ್ಲ.

ಅವರು ತೀರಿಕೊಂಡದ್ದು ನನಗೆ ತಿಳಿದದ್ದು ತಿಂಗಳ ಮೇಲೆ. ಊರಿಗೆ ಹೋದಾಗ ಕಟ್ಟೆ ಖಾಲಿಯಿತ್ತು. ಅವರ ಮನೆಯಲ್ಲಿ ಆ ಅಂಗಿ ಗೂಟಕ್ಕೆ ತೂಗುತ್ತಿತ್ತು. ಅವರ ಹೆಂಡತಿಯ ಮುಂದೆ ಕೂತು, ಕೊನೆಗೂ ಬಾಯಿ ಬಿಟ್ಟೆ.

"ಆ ಕಿಸೆ ನಂದ್ರಿ, ಚಿಗವ್ವ."

ಆಕೆ ಅಂಗಿಯ ಕಡೆ ನೋಡಿದಳು.

"ಅವ್ರು ಸಾಯೂತನಕ ಯಾರದಂತ ಹೇಳಲಿಲ್ಲವ್ವಾ. ಆದ್ರೂ ನಂಗ ಗೊತ್ತಿತ್ತು. ಐದೂ ಮಂದಿ ಒಂದ ಥರ ಉಟ್ಕೊಂಡು ಹೋಗ್ತಿದ್ರಿ. ತಲಿ ತಗ್ಗಿಸ್ತಿದ್ದಾಕಿ ನೀನೊಬ್ಬಾಕಿನ."